ನಾಲಿಗೆಗೆ ಹುಳಿ ಹೊಸದಲ್ಲ

ನಮ್ಮ ಕಲಬುರಗಿ ಕಡೆ ವೈನ್ ಅಂದರೆ ಕೆಂಪಗಿರಬೇಕು, ಸಿಹಿ ಇರಬೇಕು. ಜರ್ಮನಿಯ ಮೋಸೆಲ್ ಕಣಿವೆಯಲ್ಲಿರುವ ನಾನು ಊರಿಗೆ ಬರುವಾಗ ಅಲ್ಲಿನ ಬಿಳಿ ವೈನ್ ರೀಸ್ಲಿಂಗ್ ತಂದು ಕೊಟ್ಟರೆ ಗೆಳೆಯನೊಬ್ಬ ಮುಖ ಕಿವುಚಿದ. "ಇದೇನಪಾ, ನಿಂಬಿಹಣ್ಣ ಹಿಂಡಿದ ನೀರಿನಂಗ ಅದ. ಇದಕ್ಕ ರೊಕ್ಕ ಬ್ಯಾರೆ ಕೊಡ್ತಾರೇನು?" ಹುಳಿ ಪುಂಡಿಪಲ್ಯ ಬೆರಳು ಚೀಪಿ ತಿನ್ನುವವನ ಮಾತು ಇದು!

ಆ ಹುಳಿಯೇ ಅದರ ಜೀವ. ಮೋಸೆಲ್ ಇರುವುದು ಸುಮಾರು 50 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ರಾತ್ರಿ ತಂಪು. ದ್ರಾಕ್ಷಿ ನಿಧಾನಕ್ಕೆ ಹಣ್ಣಾಗುತ್ತದೆ, ಕೊಯ್ಲು ಅಕ್ಟೋಬರ್‌ವರೆಗೂ ಎಳೆಯುತ್ತದೆ. ನಮ್ಮಂಥ ಬಿಸಿಲಲ್ಲಾದರೆ ಸಿಹಿ ಬೇಗ ಏರಿ ಹುಳಿ ಇಳಿದುಬಿಡುತ್ತದೆ. ಬಾಟಲಿ ಮೇಲೆ 'ಟ್ರಾಕೆನ್' (ಸಿಹಿಯಿಲ್ಲದ್ದು) ಅಂತಿದ್ದರೆ ಲೀಟರಿಗೆ 9 ಗ್ರಾಂಗಿಂತ ಜಾಸ್ತಿ ಸಕ್ಕರೆ ಉಳಿದಿರುವಂತಿಲ್ಲ. ಆಲ್ಕೋಹಾಲ್ ಸಾಮಾನ್ಯವಾಗಿ ಶೇ. 11-12.

ನನಗೆ ಮಜಾ ಅನಿಸುವುದು ಕಲ್ಲಿನ ಸಂಗತಿ. ಮೋಸೆಲ್‌ನ ತೋಟಗಳ ತುಂಬ ಸ್ಲೇಟು ಕಲ್ಲಿನ ಚೂರು. ಬ್ರೆಮ್ ಊರಿನ ಕಾಲ್ಮಾಂಟ್ ಗುಡ್ಡದ ಇಳಿಜಾರು ಕೆಲವೆಡೆ 65 ಡಿಗ್ರಿ. ನಿಲ್ಲುವುದೇ ಕಷ್ಟ, ಕೊಯ್ದ ದ್ರಾಕ್ಷಿಯನ್ನು ಒಂಟಿ ಹಳಿಯ ಪುಟ್ಟ ಗಾಡಿಯಲ್ಲಿ ಇಳಿಸುತ್ತಾರೆ. ಕಪ್ಪು ಕಲ್ಲು ಹಗಲೆಲ್ಲ ಬಿಸಿಲು ಹೀರಿಕೊಂಡು ರಾತ್ರಿ ಬಳ್ಳಿಗೆ ಕಾವು ಕೊಡುತ್ತದೆ. ಮೇ ತಿಂಗಳಲ್ಲಿ ನಮ್ಮ ಮಾಳಿಗೆ ಮೇಲಿನ ಶಹಾಬಾದ್ ಪರ್ಸಿ ಕಲ್ಲು ಮಾಡುವುದೂ ಅದನ್ನೇ. ನಾವು ನೀರು ಚೆಲ್ಲಿ, ಬೈದುಕೊಂಡು ಚಾಪೆ ಹಾಸುತ್ತೇವೆ. ಇವರು ಆ ಕಾವನ್ನೇ ನಂಬಿ ಬದುಕುತ್ತಾರೆ.

ಕುಡಿಯುವ ರೀತಿಯಂತೂ ಪೂರ್ತಿ ಬೇರೆ. ಬೆಳೆಗಾರ ವರ್ಷದಲ್ಲಿ ನಾಲ್ಕು ತಿಂಗಳವರೆಗೆ ತನ್ನ ಅಂಗಳದಲ್ಲೇ ಬೆಂಚು ಹಾಕಿ ತನ್ನದೇ ವೈನ್ ಮಾರಬಹುದು. ಅದಕ್ಕೆ ಸ್ಟ್ರೌಸ್‌ವಿರ್ಟ್‌ಶಾಫ್ಟ್ ಅನ್ನುತ್ತಾರೆ. ಅಜ್ಜಿ, ಮಗ, ಸೊಸೆ ಒಂದೇ ಮೇಜಿಗೆ ಕೂರುತ್ತಾರೆ. ಬ್ರೆಡ್ಡು, ಚೀಸು, ಊರ ಸುದ್ದಿ. ಒಂದು ಗ್ಲಾಸು ಒಂದು ತಾಸು ನಡೆಯುತ್ತದೆ. ಸೆಕೆ ಇದ್ದರೆ ಸೋಡಾ ಬೆರೆಸಿಕೊಳ್ಳುತ್ತಾರೆ. ನಮ್ಮಲ್ಲಿ? ಅಂಗಡಿಯ ಜಾಲರಿಯೊಳಗೆ ಕೈ ತೂರಿಸಿ, ಕಪ್ಪು ಕವರಿನಲ್ಲಿ ಸುತ್ತಿಸಿಕೊಂಡು, ಕಾರಿನೊಳಗೋ ಹೊಲದ ಬದುವಿನಲ್ಲೋ ಗಟಗಟ.

ಕುಡಿತದಿಂದ ಮನೆ ಹಾಳಾದದ್ದನ್ನು ಕಂಡ ನಮ್ಮ ತಾಯಂದಿರ ಸಿಟ್ಟು ಸುಳ್ಳಲ್ಲ. 2007ರಲ್ಲಿ ಸಾರಾಯಿ ನಿಂತಾಗ ಎಷ್ಟೋ ಹೆಂಗಸರು ನೆಮ್ಮದಿಯ ಉಸಿರು ಬಿಟ್ಟರು. ಮೋಸೆಲ್‌ನಲ್ಲೂ ಕುಡುಕರಿದ್ದಾರೆ, ಎಲ್ಲರೂ ಸಂಭಾವಿತರೇನಲ್ಲ. ಆದರೂ ನನಗೆ ಅನಿಸುವುದು ಇಷ್ಟು: ಕದ್ದು ಕುಡಿಯುವವನಿಗೆ ಬೇಗ ಏರುವುದೇ ಬೇಕು. ರುಚಿ ನೋಡಲು ಪುರುಸೊತ್ತೆಲ್ಲಿ? ಇಂಥ ತೆಳು ವೈನ್ ನಮ್ಮೂರಲ್ಲಿ ನಡೆಯದಿರುವುದಕ್ಕೆ ನಾಲಿಗೆಯನ್ನು ದೂರಬೇಡಿ.

ಕುಡಿಯದವರಿಗೆ ಕುಡಿಯಿರಿ ಅಂತ ನಾನು ಹೇಳುವುದಿಲ್ಲ. ಕುಡಿಯುವವರು ಮಾತ್ರ ಒಮ್ಮೆ ನೋಡಿ. ನಮ್ಮ ಖಾರಕ್ಕೆ ಆಲ್ಕೋಹಾಲ್ ಜಾಸ್ತಿಯಿರುವ ರೆಡ್ ವೈನ್ ಸೇರಿದರೆ ಬಾಯಿ ಇನ್ನೂ ಉರಿಯುತ್ತದೆ. ರೀಸ್ಲಿಂಗನ್ನು ಫ್ರಿಜ್‌ನಲ್ಲಿಟ್ಟು 8-10 ಡಿಗ್ರಿಗೆ ತಣ್ಣಗೆ ಮಾಡಿ, ಬಿಸಿ ಮಿರ್ಚಿ ಭಜಿ ಜೊತೆ ಸ್ವಲ್ಪ ಸ್ವಲ್ಪ ಕುಡಿಯಿರಿ. ಖಾಲಿ ಹೊಟ್ಟೆಗೆ ಮಾತ್ರ ಬೇಡ.