ದೆವ್ವದ ವಿಷಯ ಬಿಡಿ, ಅಲ್ಲಿದ್ದ ಜನ ಏನಾದರು?

ಈಗಷ್ಟೇ ಒಂದು ವಿಡಿಯೋ ನೋಡಿ ಮುಗಿಸಿದೆ. ತಲೆ ಕೆಟ್ಟಿದೆ. ಬರಹ ಉದ್ದ ಆಗುತ್ತದೆ, ಪುರುಸೊತ್ತಿಲ್ಲದವರು ಈಗಲೇ ಜಾಗ ಖಾಲಿ ಮಾಡಿ.

ರಾಮೇಶ್ವರದ ಹತ್ತಿರದ ಹಾಳೂರು ಧನುಷ್ಕೋಡಿಯ ವಿಡಿಯೋ. ಹುಡುಗ ಕ್ಯಾಮೆರಾವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ದನಿ ತಗ್ಗಿಸಿ, ‘ಇಲ್ಲಿ ಒಂದು ನರಪಿಳ್ಳೆಯೂ ಇಲ್ಲ ಗೆಳೆಯರೇ’ ಅನ್ನುತ್ತಾನೆ. ಅವನ ಭುಜದ ಹಿಂದೆಯೇ, ಪಾಳುಬಿದ್ದ ಚರ್ಚಿನ ಗೋಡೆಯ ಪಕ್ಕ, ಒಬ್ಬ ಹೆಂಗಸು ಕೂತು ಚಿಪ್ಪಿನ ಸರಗಳನ್ನು ಹಗ್ಗಕ್ಕೆ ನೇತುಹಾಕುತ್ತಿದ್ದಾಳೆ. ಒಂದು ಸಲ ತಲೆಯೆತ್ತಿ ಇವನನ್ನು ನೋಡಿ ಮತ್ತೆ ತನ್ನ ಕೆಲಸಕ್ಕೆ ತಿರುಗುತ್ತಾಳೆ. ಇವನಿಗೆ ಅವಳು ಕಾಣುವುದಿಲ್ಲ, ದೆವ್ವ ಮಾತ್ರ ಕಾಣುತ್ತದೆ. ಹಿನ್ನೆಲೆಯಲ್ಲಿ ನಾಯಿ ಊಳಿಡುವ ಸದ್ದು ಬೇರೆ. ಅದೂ ಮಟಮಟ ಮಧ್ಯಾಹ್ನ!

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಡಿಯುವ ತನಕ ಅದು ಗಿಜಿಗುಡುವ ಊರು. ರೈಲು ನಿಲ್ದಾಣ, ಅಂಚೆ ಕಚೇರಿ, ಸುಂಕದ ಕಟ್ಟೆ, ಸಿಲೋನಿನ ತಲೈಮನ್ನಾರಿಗೆ ಹೋಗುವ ಹಡಗು, ಎಲ್ಲ ಇದ್ದವು. ಆ ರಾತ್ರಿ ಪಾಂಬನ್ ಕಡೆಯಿಂದ ಹೊರಟ ಪ್ಯಾಸೆಂಜರ್ ರೈಲು ಧನುಷ್ಕೋಡಿ ಮುಟ್ಟಲೇ ಇಲ್ಲ. ನೂರಕ್ಕೂ ಹೆಚ್ಚು ಜನರ ಸಮೇತ ಸಮುದ್ರದ ಪಾಲಾಯಿತು. ಆಮೇಲೆ ಸರ್ಕಾರ ಊರು ವಾಸಕ್ಕೆ ತಕ್ಕದ್ದಲ್ಲ ಎಂದು ಸಾರಿತು. ಆದರೂ ಒಂದಷ್ಟು ಮೀನುಗಾರರ ಕುಟುಂಬಗಳು ಅಲ್ಲೇ ಗುಡಿಸಲು ಹಾಕಿಕೊಂಡು ಬದುಕಿವೆ. ಇದರಲ್ಲಿ ಒಂದು ಮಾತಾದರೂ ವಿಡಿಯೋದಲ್ಲಿ ಬೇಡವಾ? ಇಲ್ಲ. ‘ರಾತ್ರಿ ಇಲ್ಲಿ ಏನೇನೋ ಕೇಳಿಸುತ್ತಂತೆ’ ಅಂತ ಮಾತ್ರ ಇದೆ.

ಹಾಳೂರುಗಳ ಹುಚ್ಚು ನನಗೆ ಎಷ್ಟಿದೆ ಅಂತ ನಿಮಗೆ ಗೊತ್ತೇ ಇದೆ. ಬದುಕಿರುವ ಊರಿಗೂ ಒಮ್ಮೆ ಕರೆದುಕೊಂಡು ಹೋಗಿ ಅಂತ ಮನೆಯಲ್ಲಿ ಮಂಗಳಾರತಿ ಆಗುತ್ತಲೇ ಇರುತ್ತದೆ. ಹೋಗುವವರ ಮೇಲೆ ನನಗೆ ಸಿಟ್ಟಿಲ್ಲ. ಹೋಗಿ, ನೋಡಿ, ಫೋಟೋ ತೆಗೆಯಿರಿ. ಆದರೆ ಇಲ್ಲಿ ಯಾರಿದ್ದರು, ಏನು ಮಾಡಿಕೊಂಡಿದ್ದರು, ಯಾಕೆ ಬಿಟ್ಟರು ಅಂತ ಒಂದು ಪ್ರಶ್ನೆಯನ್ನೂ ಕೇಳದೆ ವಾಪಸ್ ಬರುತ್ತೀರಲ್ಲ, ಅದಕ್ಕೆ ಮೈ ಉರಿಯುತ್ತದೆ. ಹಾಳೂರಿಗೆ ಉಳಿದವನೇ ಗೌಡ ಅಂತಾರೆ. ಈಗ ಕ್ಯಾಮೆರಾ ಇದ್ದವನೇ ಗೌಡ. ಅವನು ಹೇಳಿದ್ದೇ ಇತಿಹಾಸ.

ಜೈಸಲ್ಮೇರ್ ಹತ್ತಿರದ ಕುಲಧರಾ ನೋಡಿ. ಎಲ್ಲ ವಿಡಿಯೋದಲ್ಲೂ ಅದೇ ಕತೆ: ದಿವಾನ ಸಾಲಿಂ ಸಿಂಗ್‌ನ ಕಣ್ಣು ಊರ ಹುಡುಗಿಯ ಮೇಲೆ ಬಿತ್ತು, ಊರಿಗೆ ಊರೇ ಒಂದೇ ರಾತ್ರಿಯಲ್ಲಿ ಶಾಪ ಹಾಕಿ ಹೊರಟುಹೋಯಿತು. ಬಾವಿಗಳು ಬತ್ತಿ ಜನ ಸ್ವಲ್ಪಸ್ವಲ್ಪವಾಗಿ ಕಡಿಮೆಯಾದರು, ತೆರಿಗೆಯ ಕಾಟವೂ ಇತ್ತು, ಭೂಕಂಪವೂ ಆಗಿರಬಹುದು ಎಂದೆಲ್ಲ ಅಧ್ಯಯನ ಮಾಡಿದವರು ಹೇಳಿದ್ದಾರೆ. ಅದು ಯಾರಿಗೂ ಬೇಡ. ಅಲ್ಲಿದ್ದ ಪಾಲೀವಾಲರು ಎಂಥ ಬೇಸಾಯಗಾರರು ಅನ್ನುವುದಂತೂ ಬೇಡವೇ ಬೇಡ. ವರ್ಷಕ್ಕೆ 200 ಮಿಲಿಮೀಟರ್ ಮಳೆಯೂ ನೆಚ್ಚಿಕೆಯಿಲ್ಲದ ಮರುಭೂಮಿ ಅದು. ಇಳಿಜಾರಿಗೆ ಅಡ್ಡಲಾಗಿ ಉದ್ದನೆಯ ಏರಿ ಹಾಕಿ, ಕಲ್ಲುನೆಲದಿಂದ ಹರಿದು ಬರುವ ನೀರನ್ನು ಹೊಲದಲ್ಲೇ ನಿಲ್ಲಿಸುತ್ತಿದ್ದರು. ನೀರು ಇಂಗಿದ ಮೇಲೆ ಆ ಪಸೆಯಲ್ಲೇ ಚಳಿಗಾಲಕ್ಕೆ ಗೋಧಿ, ಕಡಲೆ ಬೆಳೆಯುತ್ತಿದ್ದರು. ಖಡೀನ್ ಅಂತ ಅದರ ಹೆಸರು. ಆ ಸೀಮೆಯಲ್ಲಿ ಈಗಲೂ ಖಡೀನ್‌ಗಳಲ್ಲಿ ಬೆಳೆ ತೆಗೆಯುತ್ತಾರೆ. ಮರಳುಗಾಡಿನಲ್ಲಿ ಗೋಧಿ ಬೆಳೆದ ಜನ ಸ್ವಾಮಿ! ಅವರನ್ನು ಬರೀ ಶಾಪ ಹಾಕಿದವರನ್ನಾಗಿ ಮಾಡಿಟ್ಟಿದ್ದೀರಿ.

‘ದೆವ್ವದ ಕತೆ ಇಲ್ಲದಿದ್ದರೆ ಯಾರು ನೋಡ್ತಾರೆ? ಹಾಗಾದರೂ ಊರಿನ ಹೆಸರು ಉಳಿಯುತ್ತಲ್ಲ’ ಅಂತ ಕೆಲವರು ಕೇಳುತ್ತಾರೆ. ಸರಿ, ಒಪ್ಪೋಣ. ಕ್ಯಾಲಿಫೋರ್ನಿಯಾದ ಬೋಡಿ ಊರಿಗೂ ಒಂದು ಶಾಪದ ಕತೆ ಇದೆ. ಚಿನ್ನದ ಆಸೆಗೆ ಸಾವಿರಾರು ಜನ ಸೇರಿ, ಚಿನ್ನ ಮುಗಿದ ಮೇಲೆ ಖಾಲಿಯಾದ ಊರದು. ಅಲ್ಲಿಂದ ಒಂದು ಮೊಳೆ ಎತ್ತಿಕೊಂಡು ಹೋದರೂ ಕೇಡು ತಪ್ಪಿದ್ದಲ್ಲವಂತೆ. ಕದ್ದವರು ಹೆದರಿ, ಕ್ಷಮೆ ಕೇಳಿ ಕಾಗದ ಬರೆದು, ವಸ್ತುಗಳನ್ನು ಅಂಚೆಯಲ್ಲಿ ವಾಪಸ್ ಕಳಿಸುತ್ತಾರೆ. ಈ ಕತೆ ಹಬ್ಬಿಸಿದ್ದೇ ಅಲ್ಲಿನ ಕಾವಲಿನವರು ಅಂತಲೂ ಹೇಳುತ್ತಾರೆ. ಅದಾದರೆ ನಾನು ಕೈಮುಗಿಯುತ್ತೇನೆ. ಆ ಶಾಪ ಊರನ್ನು ಕಾಯುತ್ತಿದೆ. ನಿಮ್ಮ ಶಾಪ ಏನು ಕಾಯುತ್ತಿದೆ? ನಿಮ್ಮ ವ್ಯೂಸ್ ಅಲ್ವಾ?

ಅಂದಹಾಗೆ, ನಾನು ದೊಡ್ಡ ಧೈರ್ಯವಂತ ಅಂತ ಯಾರೂ ತಿಳಿಯಬೇಡಿ. ದೆವ್ವದ ಕತೆ ಕೇಳಿದ ರಾತ್ರಿ ಬಚ್ಚಲಿಗೆ ಹೋಗಬೇಕಾದರೆ ಈಗಲೂ ಮನೆಯ ಲೈಟೆಲ್ಲ ಹಾಕುತ್ತೇನೆ. ಅದು ಬೇರೆ ವಿಷಯ.

ನನ್ನ ಸಿಟ್ಟು ಜಾಸ್ತಿಯಾಗುವುದು ಕೋಲ್ಮನ್‌ಸ್ಕಾಪ್ ಫೋಟೋ ನೋಡಿದಾಗ. ನಮೀಬಿಯಾದ ಆ ಊರು ನೀವೂ ನೋಡಿರುತ್ತೀರಿ: ಮನೆಯೊಳಗೆ ಮಂಡಿಯುದ್ದ ಮರಳು, ಅರ್ಧ ಹೂತ ಬಾಗಿಲು, ಗೋಡೆಯಲ್ಲಿ ಮಾಸಿದ ಬಣ್ಣ. ಚೆನ್ನಾಗಿ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ. 1908ರಲ್ಲಿ ರೈಲು ಹಳಿಯ ಮೇಲಿನ ಮರಳು ಬಾಚುತ್ತಿದ್ದ ಜಕಾರಿಯಾಸ್ ಲೆವಾಲಾ ಎಂಬ ಕೂಲಿಗೆ ಅಲ್ಲಿ ಹೊಳೆಯುವ ಕಲ್ಲು ಸಿಕ್ಕಿತು. ತನ್ನ ಮೇಲಿನವನಾದ ಆಗಸ್ಟ್ ಸ್ಟಾಖ್‌ಗೆ ಕೊಟ್ಟ. ಅದು ವಜ್ರ. ಸ್ಟಾಖ್ ಕೋಟ್ಯಧೀಶನಾದ. ಲೆವಾಲಾಗೆ ಸಿಕ್ಕಿದ್ದು ಸೊನ್ನೆ. ಆಗ ಆ ನಾಡನ್ನು ಆಳುತ್ತಿದ್ದ ಜರ್ಮನ್ನರು ಅಲ್ಲಿ ನೃತ್ಯಕ್ಕೆ ಸಭಾಂಗಣ, ಬೌಲಿಂಗ್ ಆಟದ ಮನೆ, ಐಸ್ ಕಾರ್ಖಾನೆ ಎಲ್ಲ ಕಟ್ಟಿಕೊಂಡರು. ಆಸ್ಪತ್ರೆಗೆ ಎಕ್ಸ್‌ರೇ ಯಂತ್ರವೂ ಬಂತು. ಕೂಲಿಗಳು ವಜ್ರ ನುಂಗಿದ್ದಾರಾ ಅಂತ ಹೊಟ್ಟೆ ನೋಡುವುದಕ್ಕೂ ಅದು ಬೇಕಾಯಿತು! ದಕ್ಷಿಣದ ಕಡೆ ಇನ್ನೂ ದೊಡ್ಡ ವಜ್ರದ ನೆಲೆ ಸಿಕ್ಕಿದ್ದೇ ತಡ, ಜನ ಅತ್ತ ಹೊರಟರು. 1956ರ ಹೊತ್ತಿಗೆ ಊರು ಖಾಲಿ. ಇಷ್ಟು ಕತೆ ಇರುವ ಜಾಗದಲ್ಲಿ ನಿಂತು ‘ವೈಬ್ ಒಂಥರಾ ಇದೆ’ ಅನ್ನುವವರಿಗೆ ಏನು ಹೇಳೋದು?

ಉಕ್ರೇನಿನ ಪ್ರಿಪ್ಯಾಟ್‌ನಲ್ಲಿ ಇನ್ನೂ ಅನ್ಯಾಯ. ಪಕ್ಕದ ಚೆರ್ನೋಬಿಲ್ ಅಣುಸ್ಥಾವರ ಸಿಡಿದ ಮಾರನೆಯ ದಿನ, 1986ರ ಏಪ್ರಿಲ್ 27ರಂದು, ಸುಮಾರು 49,000 ಜನರನ್ನು ಬಸ್ಸು ಹತ್ತಿಸಿ ಕಳಿಸಿದರು. ಮೂರು ದಿನದ ಮಾತು ಅಂದಿದ್ದರು. ಮಕ್ಕಳು ಅಲ್ಲೇ ಬಿಟ್ಟುಹೋದ ಗೊಂಬೆಗಳಿಗೆ, ಆಮೇಲೆ ಊರು ನೋಡಲು ಹೋದವರು ಗ್ಯಾಸ್ ಮಾಸ್ಕ್ ತೊಡಿಸಿ, ಮಂಚದ ಮೇಲೆ ಕೂರಿಸಿ ಫೋಟೋ ತೆಗೆದಿದ್ದಾರೆ. ಆ ಗೊಂಬೆ ಯಾವುದೋ ಮಗುವಿನದು ಕಣ್ರಯ್ಯ. ಆ ಮಗುವಿಗೆ ಈಗ ನಲವತ್ತು ದಾಟಿರಬಹುದು, ಎಲ್ಲೋ ಕೂತು ನಿಮ್ಮ ಫೋಟೋ ನೋಡುತ್ತಿರಬಹುದು.

ಊರಿನ ಹಳೆಯ ನಕ್ಷೆ, ಶಾಲೆಯ ದಾಖಲಾತಿ ಪುಸ್ತಕ, ರೈಲಿನ ವೇಳಾಪಟ್ಟಿ, ಸಮಾಧಿ ಕಲ್ಲಿನ ಮೇಲಿನ ಹೆಸರು, ಇದರಲ್ಲಿ ಒಂದನ್ನಾದರೂ ನೋಡಿಕೊಂಡು ಹೋಗಿ. ಪಕ್ಕದ ಊರಲ್ಲಿ ವಯಸ್ಸಾದವರು ಸಿಕ್ಕರೆ ಇನ್ನೂ ಒಳ್ಳೆಯದು. ಅವರು ದೆವ್ವದ ಕತೆ ಹೇಳಿದರೂ ಅದರ ನಡುವೆ ಯಾರ ಮನೆ ಎಲ್ಲಿತ್ತು ಅಂತ ಬಾಯಿ ಬಿಡುತ್ತಾರೆ.

ಮುಂದಿನ ಸಲ ಜಪಾನಿನ ಹಾಶಿಮಾ ದ್ವೀಪದ ಬಗ್ಗೆ ಬರೆಯುತ್ತೇನೆ. ಸಮುದ್ರದಡಿಯ ಕಲ್ಲಿದ್ದಲು, ಅದಕ್ಕಾಗಿ ಕೊರಿಯಾದಿಂದ ಎಳೆದು ತಂದ ಕೂಲಿಗಳು, 1974ರಲ್ಲಿ ಗಣಿ ಮುಚ್ಚಿದ್ದೇ ಕೆಲವೇ ತಿಂಗಳಲ್ಲಿ ದ್ವೀಪ ಖಾಲಿಯಾದದ್ದು, ಎಲ್ಲ ಇರುತ್ತದೆ. ‘ಸಾರ್, ಅಲ್ಲಿ ದೆವ್ವ ಇದೆಯಾ’ ಅಂತ ಕಾಮೆಂಟ್ ಹಾಕಿದವರನ್ನು ಅನ್‌ಫ್ರೆಂಡ್ ಮಾಡುತ್ತೇನೆ. ಸಂಬಂಧಿಕರಾದರೂ ಸರಿ.