ಅಪ್ಪಾ, ಇಲ್ಲಿ ನೋಡು

ನಿನ್ನೆ ಸಂಜೆ ಪಾರ್ಕಿನಲ್ಲಿ ಹಳೇ ಗೆಳೆಯನೊಬ್ಬ ಸಿಕ್ಕಿದ್ದ. ಎರಡು ವರ್ಷದ ಮೇಲೆ ಭೇಟಿ. ಅವನು ಮಾತಾಡುತ್ತಲೇ ಇದ್ದ, ನಾನು ಅವನ ಮುಖವನ್ನು ಸರಿಯಾಗಿ ನೋಡಲೇ ಇಲ್ಲ. ನನ್ನ ಕಣ್ಣು ಒಮ್ಮೆ ಜಾರುಬಂಡಿ ಕಡೆ, ಒಮ್ಮೆ ಗೇಟಿನ ಕಡೆ. ಕೊನೆಗೆ ಅವನು ಬೇಸರದಿಂದ, "ಮಕ್ಕಳು ಆಡ್ತಿದಾವಲ್ಲಪ್ಪಾ, ಐದು ನಿಮಿಷ ಕುಂದ್ರು" ಅಂದ.

ಅವನ ಮೇಲೆ ನನಗೆ ಸಿಟ್ಟಿಲ್ಲ. ಮೂರು ತಿಂಗಳ ಹಿಂದಿನವರೆಗೂ ನಾನು ಇದೇ ಮಾತನ್ನು ನನ್ನ ಹೆಂಡತಿಗೆ ಹೇಳುತ್ತಿದ್ದೆ. ಅವಳು ಪಾರ್ಕಿನಿಂದ ಬಂದು ಗೋಡೆಗೆ ಒರಗಿ ಕೂತರೆ, "ಮಕ್ಕಳನ್ನು ಆಡಿಸೋಕೆ ತಾನೇ ಹೋಗಿದ್ದು, ಅಷ್ಟೊಂದು ದಣಿವಾ?" ಎಂದು ಕೇಳಿದ್ದೇನೆ. ಅವಳು ನರ್ಸ್. ಈಗ ಮಧ್ಯಾಹ್ನದ ಪಾಳಿ. ಹಾಗಾಗಿ ಸಂಜೆ ಹೊತ್ತು ಇಬ್ಬರೂ ನನ್ನ ಪಾಲಿಗೆ. ದೊಡ್ಡವಳಿಗೆ ಮೂರೂವರೆ ವರ್ಷ, ಚಿಕ್ಕವನಿಗೆ ಒಂದು ವರ್ಷ ಎಂಟು ತಿಂಗಳು.

ಆ ಒಂದು ತಾಸಿನಲ್ಲಿ ಏನೇನು ನಡೆಯುತ್ತದೆ ಅಂತ ಹೇಳುತ್ತೇನೆ. ಒಳಗೆ ಕಾಲಿಟ್ಟ ಕೂಡಲೇ ಮಗಳಿಗೆ ಜೋಕಾಲಿ ಬೇಕು, ಮಗನಿಗೆ ಮಣ್ಣು ಬೇಕು. ಜೋಕಾಲಿ ತೂಗುತ್ತಾ ಒಂದು ಕೈ ಅಲ್ಲಿ, ಇವನ ಬಾಯಿಗೆ ಹೋಗುತ್ತಿರುವ ಕಲ್ಲು ತೆಗೆಯಲು ಇನ್ನೊಂದು ಕೈ ಇಲ್ಲಿ. ಅಷ್ಟರಲ್ಲಿ ಅವಳಿಗೆ ನೀರು ಬೇಕು. ನೀರು ಕೊಟ್ಟರೆ ಇವನಿಗೂ ಅದೇ ಬಾಟಲಿ ಬೇಕು. ಚಪ್ಪಲಿಯೊಳಗೆ ಮರಳು, ಬಿಚ್ಚಿ ಕೊಡವಬೇಕು. ಉಚ್ಚೆ ಬಂತು, ಎತ್ತಿಕೊಂಡು ಓಡಬೇಕು. ಓಡುವಾಗ ಇನ್ನೊಬ್ಬನನ್ನು ಬಿಟ್ಟು ಹೋಗೋಕಾಗಲ್ಲ, ಅವನನ್ನೂ ಕಂಕುಳಲ್ಲಿ ಇಟ್ಟುಕೊಳ್ಳಬೇಕು. ಇದೆಲ್ಲದರ ನಡುವೆ ನಿಲ್ಲದೆ ಒಂದು ಕೂಗು: "ಅಪ್ಪಾ, ಇಲ್ಲಿ ನೋಡು." ನೋಡಿದೆ ಅಂದರೆ ಸಾಲದು. ಅವಳು ನನ್ನ ಕಣ್ಣನ್ನೇ ಹುಡುಕುತ್ತಾಳೆ.

ಮೊದಲ ವಾರ ಈ ಕೂಗಿಗೆ ತಲೆ ಸಿಡಿಯುತ್ತಿತ್ತು. ಆಮೇಲೆ ಓದಿ ತಿಳಿದುಕೊಂಡೆ. ಮೇರಿ ಏನ್ಸ್‌ವರ್ತ್ ಎಂಬ ಮನಶ್ಶಾಸ್ತ್ರಜ್ಞೆ 1950ರ ದಶಕದಲ್ಲಿ ಉಗಾಂಡದಲ್ಲಿ ತಾಯಂದಿರು ಮತ್ತು ಕೂಸುಗಳನ್ನು ಹತ್ತಿರದಿಂದ ಗಮನಿಸಿದ್ದರು. ಮಗು ತಾಯಿಯನ್ನೇ ನೆಲೆ ಮಾಡಿಕೊಂಡು ಸುತ್ತಮುತ್ತ ನೋಡಲು ಹೊರಡುತ್ತದೆ, ನಡುನಡುವೆ ಆ ನೆಲೆಗೆ ಮರಳುತ್ತದೆ ಎಂದು ಗುರುತಿಸಿದವರು ಅವರು. ನನ್ನ ಮಗಳು ಜಾರುಬಂಡಿಯ ಮೇಲಿಂದ ಕೂಗುವುದೂ ಅದೇ ಅಂತ ನನಗನ್ನಿಸುತ್ತದೆ. ನಾನು ಇಲ್ಲೇ ಇದ್ದೇನೆ ಅಂತ ಗೊತ್ತಾದರೆ ಮಾತ್ರ ಅವಳು ಕೈ ಬಿಟ್ಟು ಜಾರುತ್ತಾಳೆ. ಹಾಗಾದರೆ ನಾನು ನೋಡುತ್ತಾ ನಿಲ್ಲುವುದೂ ಅವಳ ಆಟದ ಭಾಗವೇ, ಅಲ್ವಾ?

ನಮ್ಮ ಬಳ್ಳಾರಿಯಲ್ಲಿ ಇದಕ್ಕೆ ಬಿಸಿಲೂ ಸೇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರು ಇದು. ಬೆಳಿಗ್ಗೆ ಎಂಟರ ನಂತರ ಮಕ್ಕಳನ್ನು ಹೊರಗೆ ಬಿಡುವ ಹಾಗಿಲ್ಲ. ಸಂಜೆ ಐದಕ್ಕೂ ತಗಡಿನ ಜಾರುಬಂಡಿ ಕಾದ ಹೆಂಚಿನ ಹಾಗಿರುತ್ತದೆ. ನಾನು ಮೊದಲು ಮುಂಗೈ ಇಟ್ಟು ನೋಡಿಯೇ ಮಕ್ಕಳನ್ನು ಹತ್ತಿಸುವುದು. ಆರರಿಂದ ಕತ್ತಲಾಗುವವರೆಗೆ ಸಿಗುವುದು ಒಂದು ತಾಸು, ಜಾಸ್ತಿ ಅಂದರೆ ಇನ್ನೊಂದು ಹತ್ತು ನಿಮಿಷ. ಬಡಾವಣೆಯ ಮಕ್ಕಳೆಲ್ಲ ಅದೇ ಹೊತ್ತಿಗೆ ಬರುತ್ತವೆ. ಇರುವ ಎರಡು ಜೋಕಾಲಿಯಲ್ಲಿ ಎಂಟು ವರ್ಷದ ಹುಡುಗರು ನಿಂತು ತೂಗುತ್ತಾರೆ, ಕೆಳಗೆ ನನ್ನ ಮಗ ಓಡಾಡುತ್ತಾನೆ. ಆ ಹುಡುಗರದು ತಪ್ಪಲ್ಲ. ಚಿಕ್ಕವರಿಗೆ ಅಂತ ಬೇರೆ ಜಾಗವೇ ಇಲ್ಲ.

ಹಾಗಂತ ಮನೆಯಲ್ಲೇ ಇಟ್ಟುಕೊಂಡು ಮೊಬೈಲ್ ಕೊಡೋಕೂ ಮನಸ್ಸಿಲ್ಲ. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ 180 ನಿಮಿಷ ಮೈ ಆಡಿಸಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಮೂರು ತುಂಬಿದವರಾದರೆ ಅದರಲ್ಲಿ 60 ನಿಮಿಷ ಓಟ, ಜಿಗಿತದಂಥ ಜೋರಾದ ಆಟ ಇರಬೇಕು. ಆ ಓಟ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಆಗುವುದಿಲ್ಲ.

ಹೋದ ತಿಂಗಳು ನಡೆದದ್ದನ್ನು ಹೇಳಲೇಬೇಕು. ಮಗಳು ಜಾರುಬಂಡಿಯಿಂದ ಬಿದ್ದು ಮೊಣಕಾಲು ತರಚಿಕೊಂಡಳು. ಅವಳನ್ನು ಎತ್ತಿ ಮಣ್ಣು ಒರೆಸುವಷ್ಟು ಹೊತ್ತು ಬೆನ್ನು ತಿರುಗಿಸಿದ್ದೆ. ಎದ್ದು ನೋಡಿದರೆ ಮಗ ಇಲ್ಲ. ಪಾರ್ಕಿನ ಗೇಟಿನ ಚಿಲಕ ಮುರಿದು ಎಷ್ಟೋ ದಿನವಾಗಿದೆ. ಹೊರಗೆ ಬೈಕು, ಆಟೋ ಓಡಾಡುವ ರಸ್ತೆ. ನಾನು ಓಡಿದೆ. ಗೇಟಿನ ಹೊರಗೆ ಹೂವು ಮಾರುವ ಅಮ್ಮ ಅವನ ರಟ್ಟೆ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಿದ್ದರು. ಅವನ ಕೈಯಲ್ಲಿ ಒಂದು ಚೆಂಡು ಹೂವು. "ಒಬ್ನೇ ಇಬ್ರನ್ನ ಹೆಂಗ ಸಂಬಾಳಿಸ್ತಿಯಪ್ಪಾ? ಇನ್ನು ಮ್ಯಾಲೆ ಈ ಕಡಿ ನಾ ನೋಡ್ಕಂತೀನಿ" ಅಂದರು. ನನಗೆ ಮಾತೇ ಹೊರಡಲಿಲ್ಲ. ಆ ರಾತ್ರಿ ಪಾಳಿ ಮುಗಿಸಿ ಬಂದ ಹೆಂಡತಿಗೆ ಎಲ್ಲ ಹೇಳಿದೆ. ಅವಳ ಕ್ಷಮೆಯನ್ನೂ ಕೇಳಿದೆ. ಎರಡು ವರ್ಷ ಅವಳು ಆ ಗೇಟನ್ನು ಒಬ್ಬಳೇ ಕಾದಿದ್ದಳು.

ನಾನು ಬೆಳೆದ ಓಣಿಯಲ್ಲಿ ಮನೆ ಮುಂದೆ ಕಟ್ಟೆ ಇರುತ್ತಿತ್ತು. ಸಂಜೆ ಹೆಂಗಸರು ಅಲ್ಲೇ ಕೂತು ಅಕ್ಕಿ ಆರಿಸುತ್ತಿದ್ದರು, ಅಜ್ಜಂದಿರು ಹರಟೆ ಹೊಡೆಯುತ್ತಿದ್ದರು. ನಮ್ಮನ್ನು ಯಾರೂ ಕಾಯುತ್ತಿರಲಿಲ್ಲ ಅಂತ ನಾವು ಈಗ ಹೇಳುತ್ತೇವೆ. ಅದು ಸರಿಯಲ್ಲ. ಹತ್ತು ಜೊತೆ ಕಣ್ಣು ನಮ್ಮನ್ನು ಕಾಯುತ್ತಿದ್ದವು, ಅದಕ್ಕೇ ಯಾವ ಒಬ್ಬ ತಾಯಿಗೂ ಪೂರ್ತಿ ಭಾರ ಬೀಳುತ್ತಿರಲಿಲ್ಲ. ರಸ್ತೆ ಅಗಲವಾದಾಗ ಕಟ್ಟೆ ಹೋದವು, ಆ ಕೆಲಸವೆಲ್ಲ ಈಗ ಒಬ್ಬರ ತಲೆ ಮೇಲೆ ಬಂದಿದೆ.

ಪಾರ್ಕ್ ನೋಡಿಕೊಳ್ಳುವವರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಗೇಟಿಗೆ ಒಂದು ಚಿಲಕ, ಜಾರುಬಂಡಿಗೆ ನೆರಳು, ಚಿಕ್ಕವರಿಗೆ ಬೇಲಿ ಹಾಕಿದ ಒಂದು ಮೂಲೆ. ನನ್ನಂಥ ಗಂಡಸರಿಗೂ ಒಂದು ಮಾತು: ಒಂದು ವಾರ ನೀವೊಬ್ಬರೇ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಿ. ಪಾರ್ಕಿಗೆ ಬರುವ ಹಿರಿಯರೇ, ಪ್ರೀತಿಯಿಂದ ಪುಟ್ಟ ಮಕ್ಕಳ ಕೈಗೆ ಇಡೀ ಶೇಂಗಾ ಕಾಳು ಕೊಡಬೇಡಿ. ಇನ್ನೂ ಸರಿಯಾಗಿ ಅಗಿಯಲು ಬರದ ಮಕ್ಕಳಿಗೆ ಅದು ಉಸಿರು ನಾಳದಲ್ಲಿ ಸಿಕ್ಕಿಕೊಳ್ಳಬಹುದು. ಮತ್ತೆ ನನ್ನ ಗೆಳೆಯಾ, ಇದನ್ನು ಓದುತ್ತಿದ್ದರೆ, ಮುಂದಿನ ಸಲ ನನ್ನನ್ನು ಕೂರಲು ಕರೆಯಬೇಡ. ಗೇಟಿನ ಕಡೆ ನಿಂತು ಮಾತಾಡು. ನಾನು ಖುಷಿಯಿಂದ ಎಲ್ಲಾ ಕೇಳುತ್ತೇನೆ.

ನಾಳೆ ಹೆಂಡತಿಗೆ ವಾರದ ರಜೆ. ಮನೆಯಲ್ಲಿ ಮಲಗಿಕೋ ಅಂದೆ, ಇಲ್ಲ ನಾನೂ ಬರ್ತೀನಿ ಅಂದಳು. ಜಾರುಬಂಡಿ ಅವಳದು, ಗೇಟು ನನ್ನದು ಅಂತ ಮಾತಾಗಿದೆ. ಹೂವಿನ ಅಮ್ಮನ ಹತ್ತಿರ ಎರಡು ಮೊಳ ಮಲ್ಲಿಗೆ ತಗೋಬೇಕು.