ಬ್ರಾಕೆಟ್ ಖಾಲಿ ಬಿಟ್ಟರೆ ಅಡಿಕೆಗೆ ಸೊನ್ನೆ ರೂಪಾಯಿ

ಮೊನ್ನೆ ತೀರ್ಥಹಳ್ಳಿಯಿಂದ ಅಕ್ಕನ ಮಗ ಬಂದಿದ್ದ. ಅಡಿಕೆ ಲೆಕ್ಕಕ್ಕೆ ಒಂದು ಸಿ ಪ್ರೋಗ್ರಾಂ ಬರೆದಿದ್ದಾನೆ. ನನ್ನ ಲ್ಯಾಪ್‌ಟಾಪಿನ ಸಿ ಕಂಪೈಲರ್ ಜಿಸಿಸಿ ಅದನ್ನು ಕಂಪೈಲೇ ಮಾಡಲಿಲ್ಲ.

‘ನಿಮ್ಮ ಜಿಸಿಸಿನೇ ಸರಿ ಇಲ್ಲ ಮಾವ. ನನ್ನದರಲ್ಲಿ ಒಂದು ವಾರ್ನಿಂಗೂ ಇಲ್ಲದೆ ಓಡುತ್ತೆ.’

‘ಓಡಿ ಏನು ಹೇಳುತ್ತೆ?’

‘ಸೊನ್ನೆ.’

12 ಕ್ವಿಂಟಲ್ ರಾಶಿ ಅಡಿಕೆಗೆ ಸೊನ್ನೆ ರೂಪಾಯಿ! ನಮ್ಮಪ್ಪ ಕೇಳಿಸಿಕೊಂಡಿದ್ದರೆ ಇಬ್ಬರಿಗೂ ಮಂಗಳಾರತಿ ಆಗುತ್ತಿತ್ತು.

ಲೆಕ್ಕ ಹಾಕುವ ಫಂಕ್ಷನ್ ಬೇರೆ ಫೈಲಿನಲ್ಲಿತ್ತು. ಅದಕ್ಕೆ ಎರಡು ಡಬಲ್, ಅಂದರೆ ದಶಮಾಂಶ ಸಂಖ್ಯೆ, ಬೇಕು. ಇವನು ಇಲ್ಲಿ ‘ಡಬಲ್ ಮೊತ್ತ();’ ಅಂತ ಡಿಕ್ಲೇರ್ ಮಾಡಿ, ಅಂದರೆ ಇಂಥ ಫಂಕ್ಷನ್ ಇದೆ ಅಂತ ಕಂಪೈಲರ್‌ಗೆ ಹೇಳಿ, ಕೈತೊಳೆದುಕೊಂಡಿದ್ದ. ಆಮೇಲೆ ಮೊತ್ತ(12, 48000) ಅಂತ ಕರೆದಿದ್ದ.

ಖಾಲಿ ಅಂದರೆ ‘ಏನೂ ಬೇಡ’ ಅಂತ ಅಲ್ವಾ? ಹಳೇ ಸಿ ಡಿಕ್ಲರೇಶನ್‌ನಲ್ಲಿ ಅಲ್ಲ. ಅಮ್ಮ ಫೋನ್ ಮಾಡಿ ‘ಊಟಕ್ಕೆ ಎಷ್ಟು ಜನ?’ ಅಂತ ಕೇಳುತ್ತಾಳೆ. ‘ಯಾರೂ ಬರಲ್ಲ’ ಅಂದರೆ ಅದು ಬ್ರಾಕೆಟ್ ಒಳಗೆ ವಾಯ್ಡ್ ಅಂತ ಬರೆದಂತೆ. ಆಗುಂಬೆ ಘಾಟಿಯಲ್ಲಿ ಸಿಗ್ನಲ್ ಹೋಗಿ ಉತ್ತರವೇ ಬರದಿದ್ದರೆ, ಅದು ಖಾಲಿ ಬ್ರಾಕೆಟ್. ಅಮ್ಮ ಆಗ ಒಂದು ಪಾವು ಅಕ್ಕಿ ಜಾಸ್ತಿ ಹಾಕುತ್ತಾಳೆ. ಕಂಪೈಲರ್‌ಗೆ ಅಷ್ಟು ಕಾಳಜಿಯೂ ಇಲ್ಲ, ಕೊಟ್ಟಿದ್ದನ್ನು ಸುಮ್ನೆ ದಾಟಿಸುತ್ತೆ.

ಅವನ 64 ಬಿಟ್ ಇಂಟೆಲ್ ಲಿನಕ್ಸ್‌ನಲ್ಲಿ ಇಂಟ್, ಅಂದರೆ 12ರಂಥ ಪೂರ್ಣಾಂಕ, ಹೋಗುವ ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಪುಟ್ಟ ಜಾಗ) ಬೇರೆ, ಡಬಲ್ ಹೋಗುವುದು ಬೇರೆ. 12, 48000 ಎರಡೂ ಹೆಬ್ಬಾಗಿಲಲ್ಲಿ ನಿಂತಿವೆ. ಫಂಕ್ಷನ್ ಹಿತ್ತಿಲ ಬಾಗಿಲಲ್ಲಿ ಕಾಯುತ್ತಿದೆ. ಅಲ್ಲಿ ಏನು ಬಿದ್ದಿತ್ತೋ ಅದನ್ನೇ ಗುಣಿಸಿ ಕೊಟ್ಟಿದೆ. ಸೊನ್ನೆ ಬಂದಿದ್ದು ಪುಣ್ಯ. ನಂಬುವಂಥ ಒಂದು ಮೊತ್ತ ಬಂದಿದ್ದರೆ?

1989ರಲ್ಲಿ ಸಿ ಭಾಷೆಯ ಪ್ರಮಾಣಿತ ರೂಪ ಅನ್ಸಿ ಸಿ ಬಂದಾಗ, ಬ್ರಾಕೆಟ್ ಒಳಗೆ ಏನೇನು ಬೇಕು ಅಂತ ಬರೆಯುವ ಪ್ರೋಟೋಟೈಪನ್ನು ಸಿ ಪ್ಲಸ್ ಪ್ಲಸ್‌ನಿಂದ ತಂದರು. ಹಳೇ ಕೋಡ್ ಮುರಿಯಬಾರದು ಅಂತ ಖಾಲಿ ಬ್ರಾಕೆಟ್‌ನ ಹಳೇ ಅರ್ಥ ಹಾಗೇ ಬಿಟ್ಟರು. ಈ ಹಳೇ ಅರ್ಥ ಮುಂದೊಂದು ದಿನ ತೆಗೆದುಹಾಕುವಂಥದ್ದು ಅಂತ ಆಗಲೇ ಬರೆದಿಟ್ಟಿದ್ದರು ಕೂಡ. ಹೋಗಿದ್ದು ಮಾತ್ರ ಸಿ ಭಾಷೆಯ ಹೊಸ ಆವೃತ್ತಿ ಸಿ23ರಲ್ಲಿ, ಅದು ಪ್ರಕಟವಾಗಿದ್ದು 2024ರಲ್ಲಿ. 35 ವರ್ಷ! ಈಗ ಖಾಲಿ ಅಂದರೂ ವಾಯ್ಡ್ ಅಂದರೂ ಒಂದೇ. 2025ರ ಜಿಸಿಸಿ 15 ಇದನ್ನೇ ಡೀಫಾಲ್ಟ್ ಮಾಡಿಕೊಂಡಿದೆ. ನನ್ನ ಲ್ಯಾಪ್‌ಟಾಪ್ ತಕರಾರು ತೆಗೆದಿದ್ದು ಅದಕ್ಕೇ. ಹಳೇ ಕೋಡ್ ಕೆಡುತ್ತೆ ಅಂತ ಗೊಣಗುವವರಿದ್ದಾರೆ. ನನಗಂತೂ ಬೈದು ನಿಲ್ಲಿಸುವ ಕಂಪೈಲರೇ ವಾಸಿ.

ಬ್ರಾಕೆಟ್ ಒಳಗೆ ‘ಡಬಲ್, ಡಬಲ್’ ಬರೆದ. ಇಬ್ಬರ ಮಷೀನಲ್ಲೂ 5,76,000 ಬಂತು.

‘ಹಾಗಾದ್ರೆ ಏನೂ ತಗೊಳ್ಳದ ಫಂಕ್ಷನ್‌ಗೆ ಪರೀಕ್ಷೆಯಲ್ಲಿ ಏನು ಬರೀಲಿ ಮಾವ? ನೋಟ್ಸಲ್ಲಿ ಎಲ್ಲಾ ಕಡೆ ಖಾಲಿನೇ ಇದೆ.’

‘ವಾಯ್ಡ್ ಅಂತ್ಲೇ ಬರಿ. ಹಳೇದಕ್ಕೂ ಆಗುತ್ತೆ, ಹೊಸದಕ್ಕೂ ಆಗುತ್ತೆ.’